ಮೂವತ್ತೆರಡಕ್ಕೆ ಎಷ್ಟು ಸಾಧಿಸಿರಬೇಕಿತ್ತು?

ಪ್ರಶ್ನೆ: ನನಗೆ 32 ವರ್ಷ. ಮಂಡ್ಯದಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಈ ವಯಸ್ಸಿಗೆ ಅಲೆಕ್ಸಾಂಡರ್ ಸಾಮ್ರಾಜ್ಯ ಕಟ್ಟಿ ಸತ್ತೂ ಹೋಗಿದ್ದ. ನಾಲ್ವಡಿಯವರು 18ಕ್ಕೇ ರಾಜ್ಯಭಾರ ವಹಿಸಿಕೊಂಡಿದ್ದರು. ಹೀಗೆ ಹೋಲಿಸಿಕೊಂಡು ಕೊರಗುವುದು ತಪ್ಪೇ?

ಉತ್ತರ: ಈ ಕೊರಗು ಹಳೆಯದು. ಸ್ಪೇನಿನಲ್ಲಿ ಅಧಿಕಾರಿಯಾಗಿದ್ದ ಜೂಲಿಯಸ್ ಸೀಸರ್ ಅಲೆಕ್ಸಾಂಡರನ ಪ್ರತಿಮೆಯನ್ನು ಕಂಡು, ತನ್ನ ವಯಸ್ಸಿಗೆ ಅವನು ಲೋಕವನ್ನೇ ಗೆದ್ದಿದ್ದನೆಂದು ನಿಟ್ಟುಸಿರುಬಿಟ್ಟನಂತೆ. ಹೋಲಿಕೆ ತಪ್ಪಲ್ಲ, ಆದರೆ ವಯಸ್ಸು ಕೆಟ್ಟ ಅಳತೆಗೋಲು. ಯಾರು ಎಲ್ಲಿಂದ ಹೊರಟರು ಎಂಬುದನ್ನು ಅದು ಮುಚ್ಚಿಡುತ್ತದೆ. ಅಲೆಕ್ಸಾಂಡರನಿಗೆ ತಂದೆ ಫಿಲಿಪ್ ಪಳಗಿಸಿಟ್ಟ ಸೈನ್ಯ ಸಿಕ್ಕಿತ್ತು. ನಾಲ್ವಡಿಯವರಿಗಿಂತ ಮೊದಲು ಅವರ ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯವನ್ನು ನಡೆಸಿದ್ದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದ್ದು 1902ರ ಜೂನ್‌ನಲ್ಲಿ, ಮಗ ಅಧಿಕಾರ ವಹಿಸಿಕೊಳ್ಳುವ ಮುನ್ನ.

ಮಂಡ್ಯದ ಅನೇಕ ಮನೆಗಳಲ್ಲಿ ದೇವರ ಪಟಗಳ ಪಕ್ಕದಲ್ಲಿ ತೂಗುವ ವಿಶ್ವೇಶ್ವರಯ್ಯನವರನ್ನೇ ನೋಡಿ. ಮೂವತ್ತು ದಾಟಿದಾಗ ಅವರು ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದುಕೊಂಡು, ಸಿಂಧಿನ ಸುಕ್ಕೂರಿಗೆ ಕುಡಿಯುವ ನೀರು ಒದಗಿಸುವ ಕೆಲಸದಲ್ಲಿದ್ದರು. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅವರು 1918ರಲ್ಲಿ ದಿವಾನಗಿರಿ ಬಿಟ್ಟು ಹತ್ತು ವರ್ಷ ಕಳೆದರೂ ಕಟ್ಟೆ ಮುಗಿದಿರಲಿಲ್ಲ. ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯನ್ನು ಬಾಂಡಲಿಯಲ್ಲಿ ಹೊತ್ತ ಸಾವಿರಾರು ಕೂಲಿಗಳಲ್ಲಿ ಮೂವತ್ತೆರಡರವರೂ ಇದ್ದಿರಲೇಬೇಕು. ಅವರ ಹೆಸರನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಆದರೆ ವಿಶ್ವೇಶ್ವರಯ್ಯ ನಾಲೆಯ ನೀರು ಇಂದಿಗೂ ನಿಮ್ಮೂರಿನ ಕಬ್ಬಿನ ಗದ್ದೆಗೆ ಹರಿಯುತ್ತಿದೆ.

ದಿನವೂ ನೌಕರಿಗೆ ಹೋಗುವ ನಿಮಗೆ, ನನ್ನ ಮಟ್ಟಿಗೆ, ದಂಡೆತ್ತಿ ಹೋದವರಿಗಿಂತ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಕ್ಕ ಜೋಡಿ. ಹಸ್ತಪ್ರತಿಗಳನ್ನು ಓದಿ ಪಟ್ಟಿಮಾಡುವುದು ಅವರ ದಿನಚರಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟುಹೋದ ತಾಳೆಗರಿಯ ಕಟ್ಟೊಂದು, ಶತಮಾನಗಳಿಂದ ಕಳೆದುಹೋಯಿತೆಂದೇ ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಾದದ್ದು ಆ ದಿನಚರಿಯ ನಡುವೆಯೇ. ಪುಸ್ತಕ ಅಚ್ಚಾದದ್ದು 1909ರಲ್ಲಿ, ಶಾಸ್ತ್ರಿಗಳಿಗೆ ನಲವತ್ತು ದಾಟಿದ ಮೇಲೆ. ಕಟ್ಟು ಕೈಗೆ ಬಂದ ದಿನ ಅವರಿಗೆ ಸುಮಾರು 37 ವರ್ಷ, ನಿಮಗಿಂತ ಐದು ವರ್ಷ ಹೆಚ್ಚು.