ಮೆದುಳಿಗೆ ತಂತಿ ಇಳಿಸಿದ್ಮೇಲೆ ಸೆಟ್ಟಿಂಗ್ ಮಾಡೋದು ಯಾರು?

2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದ್ರಲ್ಲಿ ಒಬ್ರು ಗಿಟಾರ್ ನುಡಿಸ್ತಾನೇ ಮೆದುಳಿನ ಆಪರೇಷನ್ ಮಾಡಿಸ್ಕೊಂಡ ಸುದ್ದಿ ಎಲ್ಲಾ ಕಡೆ ಓಡಾಡಿತ್ತು. ಗಿಟಾರ್ ಹಿಡಿದ್ರೆ ಬೆರಳು ಸೆಟ್ಕೊಳ್ತಿತ್ತು, ಅದಕ್ಕೆ ಕಾರಣವಾದ ಒಂದು ಚೂರು ಜಾಗವನ್ನ ಡಾಕ್ಟ್ರು ಬಿಸಿ ಮಾಡಿ ಸುಟ್ರು, ಬೆರಳು ಸಡಿಲ ಆಯ್ತು. ಸುಟ್ಟಿದ್ದು ಸುಟ್ಟಿದ್ದೇ, ಆಮೇಲೆ ಹೆಚ್ಚು ಕಮ್ಮಿ ಮಾಡೋಕಾಗಲ್ಲ. ಇನ್ನೊಂದು ದಾರಿ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಎಲ್ರೂ ಡಿಬಿಎಸ್ ಅಂತಾರೆ. ಅಲ್ಲಿ ಏನೂ ಸುಡಲ್ಲ, ಸಣ್ಣ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಕರೆಂಟ್ ಕೊಡ್ತಾರೆ. ಕೈ ನಡುಗಿ ಮೈ ಬಿಗಿಯಾಗೋ ಪಾರ್ಕಿನ್ಸನ್ ಕಾಯಿಲೆ ಇರೋರಿಗೆ ನಮ್ಮ ನಿಮ್ಹಾನ್ಸ್‌ನಲ್ಲೂ ಮಾಡ್ತಾರೆ. ಇದರ ಸುದ್ದಿ ಬಂದಾಗ್ಲೂ ಆಪರೇಷನ್ ಥಿಯೇಟರ್ ಫೋಟೋನೇ ಬರತ್ತೆ, ಆದ್ರೆ ಆಪರೇಷನ್ ಮುಗಿದಾಗ ಅರ್ಧ ಕೆಲಸ ಬಾಕಿ ಇರತ್ತೆ ಅನ್ನೋದನ್ನ ಯಾರೂ ಬರೆಯಲ್ಲ. ಎಷ್ಟು ಕರೆಂಟ್, ತಂತಿಯ ಯಾವ ಭಾಗದಿಂದ, ಸೆಕೆಂಡಿಗೆ ಎಷ್ಟು ಸಲ, ಒಂದೊಂದು ಸಲ ಎಷ್ಟು ಹೊತ್ತು, ಇದನ್ನೆಲ್ಲ ಆ ಒಬ್ಬ ಮನುಷ್ಯನಿಗೆ ಹೊಂದೋ ಥರ ಕೂರಿಸೋದೇ ಪ್ರೋಗ್ರಾಮಿಂಗ್. ಅದರ ಇತಿಹಾಸ ನೋಡಿದ್ರೆ ಒಂದೇ ಜಗಳ ಮತ್ತೆ ಮತ್ತೆ ಬರತ್ತೆ, ಕರೆಂಟ್ ಏರಿಸಿ ಇಳಿಸೋ ನಾಬ್ ಯಾರ ಕೈಲಿರಬೇಕು ಅನ್ನೋದು.

ಡಿಬಿಎಸ್‌ಗೂ ಮುಂಚೆ, ನೋವು ತಡೆಯೋಕೆ ಬೆನ್ನುಹುರಿಗೆ ಕರೆಂಟ್ ಕೊಡೋ ಮೆಷಿನ್‌ಗಳ ಶುರುವಲ್ಲಿ ಅದು ರೋಗಿ ಕೈಲೇ ಇತ್ತು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತೆ ಪ್ಯಾಟ್ರಿಕ್ ವಾಲ್ ನೋವಿನ ಬಗ್ಗೆ ಗೇಟ್ ಕಂಟ್ರೋಲ್ ಸಿದ್ಧಾಂತ ಮುಂದಿಟ್ರು. ಸ್ಪರ್ಶದ ಸಂದೇಶ ತರೋ ದಪ್ಪ ನರತಂತುಗಳನ್ನ ಚುರುಕು ಮಾಡಿದ್ರೆ ಬೆನ್ನುಹುರಿಯಲ್ಲೇ ನೋವಿನ ಸಂದೇಶಕ್ಕೆ ಬಾಗಿಲು ಹಾಕಬಹುದು ಅಂತ. ಎರಡೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಾರ್ಮನ್ ಶೀಲಿ ಅನ್ನೋ ಸರ್ಜನ್, ಕ್ಯಾನ್ಸರ್ ನೋವಿಂದ ನರಳ್ತಿದ್ದ ಒಬ್ಬ ರೋಗಿಯ ಬೆನ್ನುಹುರಿ ಮೇಲೆ ಎಲೆಕ್ಟ್ರೋಡ್ ಇಟ್ರು, ಉಪಕರಣ ಮಾಡ್ಕೊಟ್ಟಿದ್ದು ಥಾಮಸ್ ಮಾರ್ಟಿಮರ್, ಆಗಿನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿ. ಆಮೇಲೆ ಮೆಡ್‌ಟ್ರಾನಿಕ್ ಕಂಪನಿ ಇದನ್ನೇ ಮಾರುಕಟ್ಟೆಗೆ ತಂತು. ಆ ಕಾಲದ ಮೆಷಿನ್‌ಗಳಲ್ಲಿ ಬ್ಯಾಟರಿ ಮೈಯೊಳಗೆ ಇರ್ತಿರಲಿಲ್ಲ, ಒಳಗಿದ್ದಿದ್ದು ಬರೀ ರಿಸೀವರ್, ಹೊರಗೆ ಒಂದು ಡಬ್ಬಿ, ಅದರ ಆಂಟೆನಾನ ಚರ್ಮಕ್ಕೆ ಅಂಟಿಸ್ಕೋಬೇಕು, ಕರೆಂಟ್ ಜಾಸ್ತಿ ಬೇಕು ಅನ್ಸಿದ್ರೆ ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಂಗೆ ಡಬ್ಬಿ ಮೇಲಿನ ನಾಬ್ ತಿರುಗಿಸ್ಬೇಕು. ಬೆವರಿದ್ರೆ ಆಂಟೆನಾ ಜಾರ್ತಿತ್ತು, ಸ್ನಾನ ಮಾಡುವಾಗ ತೆಗೆದಿಡ್ಬೇಕು, ತಾಪತ್ರಯ ತುಂಬಾ. ಆದ್ರೂ ನೋವು ಯಾರದ್ದೋ ಅವರ ಕೈಲೇ ನಾಬ್ ಇತ್ತು, ಇದು ಸಣ್ಣ ವಿಷಯ ಅಲ್ಲ.

80ರ ದಶಕದಲ್ಲಿ ಬ್ಯಾಟರಿನೂ ಒಳಗೇ ಹೋಯ್ತು. ದಾರಿ ತೋರಿಸಿದ್ದು ಹೃದಯದ ಪೇಸ್‌ಮೇಕರ್. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಪೇಸ್‌ಮೇಕರ್ ಮೈಯೊಳಗೆ ಇಟ್ಟಾಗ ಅದರ ವೇಗ ಬದಲಾಯಿಸೋ ವ್ಯವಸ್ಥೆನೇ ಇರಲಿಲ್ಲ, 70ರ ದಶಕದ ಶುರುವಲ್ಲಿ ಚರ್ಮ ಕೊಯ್ಯದೆ ಹೊರಗಿಂದ್ಲೇ ಸೆಟ್ಟಿಂಗ್ ಬದಲಿಸೋ ಪೇಸ್‌ಮೇಕರ್‌ಗಳು ಬಂದ್ವು. ನರದ ಸ್ಟಿಮ್ಯುಲೇಟರ್‌ಗಳೂ ಅದೇ ದಾರಿ ಹಿಡಿದ್ವು. ಡಬ್ಬಿ, ಆಂಟೆನಾ, ಅಂಟು ಎಲ್ಲ ಹೋಗಿ ಆರಾಮಾಯ್ತು ನಿಜ, ಜೊತೆಗೆ ನಾಬ್ ಕೂಡ ಆಸ್ಪತ್ರೆಗೆ ಹೋಯ್ತು. ಹಲವರಿಗೆ ಉಳಿದಿದ್ದು ಒಂದು ಮ್ಯಾಗ್ನೆಟ್, ಎದೆ ಹತ್ರ ಹಿಡಿದ್ರೆ ಆನ್ ಇಲ್ಲಾ ಆಫ್, ಅಷ್ಟೇ. ಹಳೇ ಮಾಡೆಲ್‌ಗಳು ಅಂಗಡಿಗಳ ಬಾಗಿಲಲ್ಲಿರೋ ಸೆಕ್ಯುರಿಟಿ ಗೇಟ್ ಹತ್ರ ಹೋದ್ರೂ ತಾವಾಗೇ ಆಫ್ ಆಗೋದಿತ್ತು, ಮನೆಗೆ ಬಂದ್ಮೇಲೆ ಕೈ ಮತ್ತೆ ನಡುಗೋಕೆ ಶುರುವಾದಾಗ್ಲೇ ಗೊತ್ತಾಗೋದು.

ಡಿಬಿಎಸ್ ಹುಟ್ಟಿದ್ದು ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ, 1987ರಲ್ಲಿ. ಅಲಿಂ-ಲೂಯಿ ಬೆನಬಿದ್ ಅನ್ನೋ ಸರ್ಜನ್ ಕೂಡ ಆಗ ಸುಡೋ ಆಪರೇಷನ್ನೇ ಮಾಡ್ತಿದ್ರು. ಸುಡೋ ಮುಂಚೆ ಜಾಗ ಸರಿಯಾಗಿದ್ಯಾ ಅಂತ ನೋಡೋಕೆ ಸ್ವಲ್ಪ ಕರೆಂಟ್ ಕೊಟ್ಟು ಪರೀಕ್ಷೆ ಮಾಡೋದು ರೂಢಿ. ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಸಲ ಕೊಟ್ಟಾಗ ನಡುಕ ನಿಂತುಹೋಯ್ತು, ಆಫ್ ಮಾಡಿದ್ರೆ ವಾಪಸ್ ಬಂತು. ಹಾಗಿದ್ರೆ ಸುಡೋದ್ಯಾಕೆ, ಕರೆಂಟ್ ಕೊಡ್ತಾನೇ ಇದ್ರೆ ಆಯ್ತಲ್ಲ ಅಂತ ಅವರೂ ನರರೋಗ ತಜ್ಞ ಪಿಯೆರ್ ಪೊಲಾಕ್ ಕೂಡ ಮುಂದುವರಿದ್ರು. ಅತ್ತ ಅಮೆರಿಕದಲ್ಲಿ ಮ್ಯಾಲನ್ ಡಿಲಾಂಗ್ ತಂಡ 1990ರಲ್ಲಿ ಕೋತಿಗಳ ಮೇಲಿನ ಪ್ರಯೋಗದಿಂದ ಪಾರ್ಕಿನ್ಸನ್‌ನಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನೋ ಜಾಗದ ಪಾತ್ರ ಏನು ಅಂತ ತೋರಿಸ್ತು, 1993ರಲ್ಲಿ ಗ್ರೆನೋಬಲ್‌ನವರು ಅಲ್ಲಿಗೇ ತಂತಿ ಇಳಿಸಿದ್ರು. ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ಗೆ ಒಪ್ಪಿಗೆ ಕೊಡ್ತು. ಒಂದೊಂದು ಸಲ 60 ಮೈಕ್ರೋಸೆಕೆಂಡ್ ಹೊತ್ತು, 130 ಹರ್ಟ್ಜ್ ಅಂದ್ರೆ ಸೆಕೆಂಡಿಗೆ 130 ಸಲ, ಅನ್ನೋ ಎರಡು ನಂಬರ್ ಆವಾಗಿಂದ ಮಂತ್ರದ ಥರ ಉಳ್ಕೊಂಡಿವೆ, ಇವತ್ತಿಗೂ ಎಷ್ಟೋ ಕಡೆ ಅಲ್ಲಿಂದ್ಲೇ ಶುರು.

ಶುರು ಮಾಡೋದು ಹೇಗೆ ಅಂದ್ರೆ, ಆಪರೇಷನ್ ಆಗಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಕಾಯ್ತಾರೆ. ತಂತಿ ಇಳಿಸಿದಾಗ ಆ ಜಾಗಕ್ಕೆ ಸ್ವಲ್ಪ ಪೆಟ್ಟಾಗಿ, ಕರೆಂಟ್ ಕೊಡದಿದ್ರೂ ನಡುಕ ಕಮ್ಮಿ ಆಗಿರತ್ತೆ, ಮನೆಯವರೆಲ್ಲ ಖುಷಿಯಾಗಿರ್ತಾರೆ, ಆ ಸುಳ್ಳು ಖುಷಿ ಇಳಿಯೋವರೆಗೂ ಸೆಟ್ ಮಾಡಿ ಪ್ರಯೋಜನ ಇಲ್ಲ. ಆಮೇಲೆ ರೋಗಿ ಹಿಂದಿನ ರಾತ್ರಿಯಿಂದ್ಲೇ ಮಾತ್ರೆ ಬಿಟ್ಟು ಬೆಳಿಗ್ಗೆ ಬರ್ಬೇಕು, ಅಂದ್ರೆ ಕಾಯಿಲೆ ಅತಿ ಕೆಟ್ಟದಾಗಿರೋ ಹೊತ್ತಲ್ಲಿ. ಸುಮಾರು 1.27 ಮಿಲಿಮೀಟರ್ ದಪ್ಪದ ಆ ತಂತಿಯ ತುದಿಯಲ್ಲಿ, ಹಳೇ ಮಾಡೆಲ್ ಆದ್ರೆ, ನಾಲ್ಕು ಲೋಹದ ಬಳೆಗಳು, ಒಂದೊಂದು ಒಂದೂವರೆ ಮಿಲಿಮೀಟರ್. ಡಾಕ್ಟ್ರು ಒಂದು ಬಳೆ ಆರಿಸಿ ಕರೆಂಟನ್ನ ಚೂರು ಚೂರೇ ಏರಿಸ್ತಾರೆ. ಒಂದು ಕೈಲಿ ಸೆಟ್ಟಿಂಗ್ ಬದಲಿಸೋ ಟ್ಯಾಬ್ಲೆಟ್ ಕಂಪ್ಯೂಟರ್, ಇನ್ನೊಂದು ಕೈಲಿ ರೋಗಿಯ ಮಣಿಕಟ್ಟು, ಅದನ್ನ ತಿರುಗಿಸ್ತಾ ತಿರುಗಿಸ್ತಾ ಬಿಗಿತ ಯಾವಾಗ ಬಿಡತ್ತೆ ಅಂತ ನೋಡೋದು, "ಆ ಕಡೆ ಕೈ ಮುಚ್ಚಿ ತೆಗೀರಿ, ಮುಚ್ಚಿ ತೆಗೀರಿ" ಅಂತ ಹೇಳ್ತಾ ಇರೋದು. ಬಿಗಿತ ಹೋದ ನಂಬರ್ ಬರ್ಕೊಂಡು ಇನ್ನೂ ಏರಿಸ್ತಾರೆ, ಈಗ ಹುಡುಕ್ತಿರೋದು ತೊಂದರೆಯನ್ನ. ತುಟಿಯ ಒಂದು ಬದಿ ಎಳೆದ್ರೆ, "ಸೋಮವಾರ ಮಂಗಳವಾರ" ಅನ್ನೋವಾಗ ನಾಲಿಗೆ ತೊಡರಿದ್ರೆ ಕರೆಂಟ್ ಪಕ್ಕದ ಚಲನೆಯ ನರದ ಕಟ್ಟಿಗೆ ಸೋರ್ತಿದೆ ಅಂತರ್ಥ. ಕೈಯೆಲ್ಲ ಜುಮ್ ಅಂದು ಆ ಜುಮ್ ಇಳೀದೇ ಇದ್ರೆ ಸ್ಪರ್ಶದ ದಾರಿಗೆ, ಕಣ್ಣಿಗೆ ಎಲ್ಲ ಎರಡೆರಡು ಕಂಡ್ರೆ ಕಣ್ಣನ್ನ ತಿರುಗಿಸೋ ನರಕ್ಕೆ. ಉಪಯೋಗ ಶುರುವಾಗೋ ನಂಬರ್ ಮತ್ತೆ ತೊಂದರೆ ಶುರುವಾಗೋ ನಂಬರ್, ಇವೆರಡರ ಮಧ್ಯೆ ಯಾವ ಬಳೆಗೆ ಜಾಸ್ತಿ ಜಾಗ ಇದ್ಯೋ ಅದನ್ನ ಇಟ್ಕೋತಾರೆ. ಎರಡೂ ಬದಿ, ಎಂಟು ಬಳೆ, ಮಾತ್ರೆ ಇಲ್ದೆ ಬೆಳಗಿಂದ ಕೂತ ಮನುಷ್ಯ. ಮಧ್ಯಾಹ್ನದ ಹೊತ್ತಿಗೆ ಎಲ್ರಿಗೂ ಸುಸ್ತು.

ಎಲ್ಲ ಲಕ್ಷಣಗಳೂ ಒಂದೇ ವೇಗದಲ್ಲಿ ಉತ್ತರ ಕೊಡಲ್ಲ ಅನ್ನೋದು ಇಲ್ಲಿನ ದೊಡ್ಡ ಕಷ್ಟ. ಬಿಗಿತ, ನಡುಕ ಸೆಕೆಂಡುಗಳಲ್ಲಿ, ಹೆಚ್ಚಂದ್ರೆ ನಿಮಿಷಗಳಲ್ಲಿ ಗೊತ್ತಾಗತ್ತೆ, ನಡಿಗೆ ಸುಧಾರಿಸೋಕೆ ಗಂಟೆಗಳು, ಕೆಲವು ಸಲ ದಿನಗಳು, ಸ್ನಾಯುಗಳು ತಾವಾಗೇ ಸೆಟ್ಕೊಳ್ಳೋ ಡಿಸ್ಟೋನಿಯಾ ಕಾಯಿಲೆಗೆ ಹಾಕಿದ್ರಂತೂ ವಾರ, ತಿಂಗಳು. ಅಷ್ಟು ದಿನ ಡಾಕ್ಟ್ರ ಎದುರು ಕೂರೋಕಾಗಲ್ವಲ್ಲ. ಮತ್ತೆ ಕರೆಂಟ್ ಏರಿಸಿದಷ್ಟೂ ಮಾತ್ರೆ ಇಳಿಸ್ಬೇಕು, ಇಳಿಸದಿದ್ರೆ ಮೈ ತಾನಾಗೇ ಹೊರಳಾಡೋಕೆ ಶುರುವಾಗತ್ತೆ, ಜಾಸ್ತಿ ಬೇಗ ಇಳಿಸಿದ್ರೆ ಮನುಷ್ಯ ಯಾವುದರಲ್ಲೂ ಆಸಕ್ತಿ ಇಲ್ದೆ ಮಂಕಾಗ್ತಾನೆ. 130 ಹರ್ಟ್ಜ್‌ನಲ್ಲಿ ಕೈ ಚೆನ್ನಾಗಿದ್ದು ಕಾಲು ನೆಲಕ್ಕೆ ಅಂಟ್ಕೊಳ್ತಿದ್ರೆ ಕೆಲವರಿಗೆ 60ಕ್ಕೋ 80ಕ್ಕೋ ಇಳಿಸಿ ನೋಡ್ತಾರೆ. ಮೊದಲ ಆರು ತಿಂಗಳು ಆಸ್ಪತ್ರೆಗೆ ಹೋಗೋದು ಬರೋದು ಇದ್ದೇ ಇರತ್ತೆ, ದೂರದ ಊರವರಿಗೆ ಆಪರೇಷನ್ ಖರ್ಚಿನ ಜೊತೆ ಇದೂ ಸೇರ್ಕೊಳತ್ತೆ.

ಈ ಕೆಲಸ ಸರಿಯಾಗಿ ಆಗದಿದ್ರೆ ಏನಾಗತ್ತೆ ಅಂತ 2005ರಲ್ಲಿ ಅಮೆರಿಕದ ಮೈಕೆಲ್ ಓಕನ್ ಮತ್ತಿತರರು ಬರೆದ್ರು. ಡಿಬಿಎಸ್ ಫೇಲ್ ಆಯ್ತು ಅಂತ ಬಂದ 41 ಜನರನ್ನ ನೋಡಿದಾಗ ಸುಮಾರು ಅರ್ಧ ಜನರಿಗೆ ತಂತಿ ಕೂತ ಜಾಗವೇ ಸರಿ ಇರಲಿಲ್ಲ, ಆದ್ರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಸೆಟ್ಟಿಂಗ್ ಸರಿಯಾಗಿ ಆಗಿರಲಿಲ್ಲ, ಮತ್ತೆ ಪ್ರೋಗ್ರಾಮ್ ಮಾಡಿದಾಗ ಸುಧಾರಿಸಿದ್ರು. ತಲೆಗೆ ರಂಧ್ರ ಕೊರೆಸ್ಕೊಂಡು, ದುಡ್ಡು ಸುರಿದು, ಫೇಲ್ ಅನ್ನಿಸ್ಕೊಂಡವರು. ಸರ್ಜನ್‌ಗೆ ಸಿಗೋ ಹೆಸರು, ದುಡ್ಡು ಪ್ರೋಗ್ರಾಮಿಂಗ್ ಮಾಡೋರಿಗೆ ಸಿಗಲ್ಲ, ಅದಕ್ಕೇ ಕೈ ಪಳಗಿದವರು ಕಮ್ಮಿ ಅಂತ ನನಗನ್ಸತ್ತೆ.

ಬೆನ್ನುಹುರಿ ಕಡೆ ಕಥೆ ಬೇರೆ ಥರ. ಅಲ್ಲಿ ನೋವಿರೋ ಜಾಗದ ಮೇಲೇ ಜುಮ್ ಅನ್ನಿಸ್ಬೇಕು, ಸೊಂಟ ನೋಯ್ತಿದ್ದು ಪಾದ ಜುಮ್ ಅಂದ್ರೆ ಉಪಯೋಗ ಇಲ್ಲ. ಜುಮ್ ಎಲ್ಲಿ ಅಂತ ಹೇಳಬಲ್ಲವರು ರೋಗಿ ಒಬ್ರೇ. 1992ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ರಿಚರ್ಡ್ ನಾರ್ತ್ ತಂಡ ರೋಗಿಯನ್ನೇ ಕಂಪ್ಯೂಟರ್ ಮುಂದೆ ಕೂರಿಸ್ತು, ನೋವೆಲ್ಲಿ, ಜುಮ್ ಎಲ್ಲಿ ಅಂತ ಪರದೆ ಮೇಲಿನ ಮೈ ಚಿತ್ರದಲ್ಲಿ ಅವರೇ ಬರೀಬೇಕು, ಕರೆಂಟನ್ನೂ ಅವರೇ ಹೊಂದಿಸ್ಕೋಬೇಕು. ನನ್ನ ಪ್ರಕಾರ ಇಡೀ ಇತಿಹಾಸದಲ್ಲಿ ಅತಿ ಬುದ್ಧಿವಂತಿಕೆಯ ಹೆಜ್ಜೆ ಇದು, ಅದ್ಯಾಕೆ ಎಲ್ಲಾ ಕಡೆ ರೂಢಿ ಆಗಲಿಲ್ವೋ. ರೂಢಿ ಆಗಿದ್ದು ಕಂಪನಿ ರೆಪ್ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ಸೆಟ್ ಮಾಡೋದು, ಅಮೆರಿಕದಲ್ಲಿ ಇದು ಮಾಮೂಲಿ. ಒಂದು ಕಂಪನಿಯ ಸೆಟ್ಟಿಂಗ್ ಮಾಡೋ ಉಪಕರಣದಿಂದ ಇನ್ನೊಂದು ಕಂಪನಿಯ ಮೆಷಿನ್ ಸೆಟ್ ಮಾಡೋಕೂ ಆಗಲ್ಲ. 2019ರಲ್ಲಿ ನುವೆಕ್ಟ್ರಾ ಅನ್ನೋ ಕಂಪನಿ ದಿವಾಳಿ ಆದಾಗ ಅದರ ಸ್ಟಿಮ್ಯುಲೇಟರ್ ಬೆನ್ನಲ್ಲಿಟ್ಕೊಂಡವರು ಯಾರನ್ನ ಕೇಳ್ಬೇಕು?

2015ರಲ್ಲಿ ಎಫ್‌ಡಿಎ ಒಪ್ಪಿದ ನೆವ್ರೋ ಕಂಪನಿಯ 10,000 ಹರ್ಟ್ಜ್ ಮೆಷಿನ್ ಇನ್ನೊಂದು ಗಂಟು ಹಾಕ್ತು, ಅದರಲ್ಲಿ ಜುಮ್ಮೇ ಇಲ್ಲ. ರೋಗಿಗೆ ಆರಾಮ, ಆದ್ರೆ ಸೆಟ್ ಮಾಡೋರಿಗೆ ತಕ್ಷಣದ ಸುಳಿವು ಹೋಯ್ತು, ಮನೆಗೆ ಕಳಿಸಿ ಕೆಲವು ದಿನ ಕಾದು ಕೇಳ್ಬೇಕು. ಹಾಗಾಗಿ ರೋಗಿ ಬಾಯಿಂದ ಕೇಳೋದರ ಬದಲು ನರವನ್ನೇ ಕೇಳೋ ಮೆಷಿನ್‌ಗಳ ಕಡೆಗೂ ಕೆಲಸ ನಡೀತು. ಮಲಗಿದ್ರೆ, ಕೆಮ್ಮಿದ್ರೆ ಬೆನ್ನುಹುರಿ ಎಲೆಕ್ಟ್ರೋಡ್ ಹತ್ರ ಸರಿಯತ್ತೆ, ಅದೇ ಕರೆಂಟ್ ಚುಚ್ಚಿದಂಗಾಗತ್ತೆ. 2022ರಲ್ಲಿ ಒಪ್ಪಿಗೆ ಸಿಕ್ಕ ಸಲೂಡಾ ಕಂಪನಿಯ ಇವೋಕ್, ಒಂದೊಂದು ಸಲ ಕರೆಂಟ್ ಕೊಟ್ಟಾಗ್ಲೂ ನರ ಎಷ್ಟು ಪ್ರತಿಕ್ರಿಯೆ ಕೊಡ್ತು ಅಂತ ಅಳೆದು ತಾನೇ ಏರಿಸಿ ಇಳಿಸತ್ತೆ.

ಮೆದುಳಿನಲ್ಲೂ ಅದೇ. ಬಳೆಯನ್ನ ಮೂರು ತುಂಡು ಮಾಡಿ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ತಂತಿಗಳು ಬಂದ್ವು, ಸೋರೋದು ಕಮ್ಮಿ ಆಯ್ತು, ಆದ್ರೆ ಪರೀಕ್ಷೆ ಮಾಡಬೇಕಾದ ಜೋಡಣೆಗಳು ಎಷ್ಟೋ ಪಟ್ಟು ಜಾಸ್ತಿ ಆದ್ವು. 2020ರಲ್ಲಿ ಬಂದ ಮೆಡ್‌ಟ್ರಾನಿಕ್‌ನ ಪರ್ಸೆಪ್ಟ್, ಅದೇ ತಂತಿಯಿಂದ ಮೆದುಳಿನ ಅಲೆಗಳನ್ನೂ ಓದತ್ತೆ, ಪಾರ್ಕಿನ್ಸನ್‌ನಲ್ಲಿ 13ರಿಂದ 30 ಹರ್ಟ್ಜ್‌ನ ಬೀಟಾ ಅಲೆ ಏರತ್ತೆ, ಮಾತ್ರೆ ತಗೊಂಡ್ರೆ ಇಳಿಯತ್ತೆ. ಆ ಅಲೆ ನೋಡಿ ಕರೆಂಟ್ ತಾನೇ ಹೊಂದಿಸ್ಕೊಳ್ಳೋ ಅಡಾಪ್ಟಿವ್ ಡಿಬಿಎಸ್‌ಗೆ 2025ರ ಫೆಬ್ರವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಡ್ತು. ಇನ್ನು ಪ್ರೋಗ್ರಾಮಿಂಗ್ ಕೆಲಸ ಮುಗೀತು ಅಂತ ಅನ್ಕೊಂಡ್ರೆ ಹಾಗಿಲ್ಲ. ಒಬ್ಬೊಬ್ಬರ ಬೀಟಾ ಒಂದೊಂದು ನಂಬರ್‌ನಲ್ಲಿ ಏರತ್ತೆ, ಕೆಲವರಲ್ಲಿ ಕಾಣಿಸೋದೇ ಇಲ್ಲ, ಅದನ್ನ ಹುಡುಕ್ಬೇಕು, ಮಾತ್ರೆ ಇದ್ದಾಗ ಎಷ್ಟು, ಇಲ್ದಾಗ ಎಷ್ಟು ಅಂತ ನೋಡ್ಬೇಕು, ಕರೆಂಟ್ ಯಾವ ಮಟ್ಟಕ್ಕಿಂತ ಮೇಲೆ ಹೋಗಬಾರದು, ಯಾವುದಕ್ಕಿಂತ ಕೆಳಗೆ ಇಳೀಬಾರದು ಅಂತ ಗೆರೆ ಹಾಕ್ಬೇಕು, ಆ ಗೆರೆ ಗೊತ್ತಾಗೋಕೆ ಮೊದಲಿನಂಗೇ ಮಣಿಕಟ್ಟು ತಿರುಗಿಸಿ ಒಂದೊಂದು ಬಳೆ ಪರೀಕ್ಷೆ ಮಾಡಿರ್ಬೇಕು. ಹಳೇ ಕೆಲಸ ಹಂಗೇ ಇದೆ, ಅದರ ಮೇಲೆ ಹೊಸದು ಸೇರ್ಕೊಂಡಿದೆ.