ನಾನ್-ಎ-ನೊಖೊದ್ಚಿ: ತುಪ್ಪವೇ ಹಿಡಿದಿಡುವ ಕಡಲೆ ಬಿಸ್ಕತ್ತು

ಇರಾನಿನ ಹೊಸ ವರ್ಷ ನೌರೂಜ್ ಬರುವುದು ಮಾರ್ಚ್ 20ರ ಆಸುಪಾಸಿನಲ್ಲಿ. ಆಗ ಮನೆಗೆ ಬಂದವರ ಮುಂದಿಡುವ ತಿನಿಸುಗಳಲ್ಲಿ ನಾಲ್ಕೆಸಳಿನ ಪುಟ್ಟ ಕಡಲೆ ಬಿಸ್ಕತ್ತು, ನಾನ್-ಎ-ನೊಖೊದ್ಚಿ, ಇದ್ದೇ ಇರುತ್ತದೆ. ಕಜ್ವಿನ್ ನಗರ ಇದಕ್ಕೆ ಹೆಸರುವಾಸಿ. ಬಾಯಿಗಿಟ್ಟರೆ ಅಗಿಯುವ ಮೊದಲೇ ಪುಡಿಯಾಗಿ ಕರಗಬೇಕು.

ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದರೆ ಗ್ಲುಟೆನ್ ಎಂಬ ಜಿಗುಟಾದ ಪ್ರೋಟೀನ್ ಜಾಲ ಹುಟ್ಟುತ್ತದೆ. ಕಡಲೆಯಲ್ಲಿ ಶೇಕಡಾ 20ರಷ್ಟು ಪ್ರೋಟೀನ್ ಇದ್ದರೂ ಅದು ಅಂಥ ಜಾಲ ಕಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಹಿಟ್ಟಿನ ಕಣಗಳನ್ನು ಹಿಡಿದಿಡುವ ಕೆಲಸ ಬಹುಪಾಲು ತುಪ್ಪದ್ದು. ಕರಗುವ ಗುಣ, ಮುಟ್ಟಿದರೆ ಮುರಿಯುವ ಸಮಸ್ಯೆ, ಎರಡಕ್ಕೂ ಕಾರಣ ಇದೇ.

ಹುರಿದ ಕಡಲೆಯ ಹಿಟ್ಟು 250 ಗ್ರಾಂ, ಪುಡಿ ಸಕ್ಕರೆ 110 ಗ್ರಾಂ, ಗಟ್ಟಿ ತುಪ್ಪ 140 ಗ್ರಾಂ, ಏಲಕ್ಕಿ ಪುಡಿ ಒಂದು ಚಮಚ, ಪನ್ನೀರು ಒಂದು ಚಮಚ ಸಾಕು. ಬಜ್ಜಿಗೆ ಬಳಸುವ ಹಸಿ ಕಡಲೆಹಿಟ್ಟು ಬೇಡ, ಅದರ ಹಸಿವಾಸನೆ ಇಷ್ಟು ಹಗುರವಾದ ಬೇಯಿಸುವಿಕೆಯಲ್ಲಿ ಹೋಗುವುದಿಲ್ಲ. ನಮ್ಮ ಹುರಿಗಡಲೆಯನ್ನು ನುಣ್ಣಗೆ ಬೀಸಿ ಎರಡು ಸಲ ಜರಡಿ ಹಿಡಿದರೆ ಸರಿಹೋಗುತ್ತದೆ. ತರಿ ಉಳಿದರೆ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಹರಳು ಸಕ್ಕರೆಯೂ ಹಾಗೆಯೇ: ಕರಗಲು ನೀರೇ ಇಲ್ಲವಲ್ಲ! ಹಾಗೆಂದು ಪನ್ನೀರು ಹೆಚ್ಚಿಸಬೇಡಿ. ಸಕ್ಕರೆ ಪಾಕವಾಗಿ, ಆರಿದ ಮೇಲೆ ಬಿಸ್ಕತ್ತು ಗಡುಸಾಗುತ್ತದೆ.

ತುಪ್ಪ, ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ಚೆನ್ನಾಗಿ ನೊರೆಯಿಸಿ. ಒಳಗೆ ಸಿಕ್ಕಿದ ಗಾಳಿಯೇ ಇದನ್ನು ಹಗುರ ಮಾಡುವುದು. ಏಲಕ್ಕಿ, ಪನ್ನೀರು ಬೆರೆಸಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮುದ್ದೆ ಕೂಡುವವರೆಗೆ ಅಂಗೈಯಿಂದ ಒತ್ತಿ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ ಅಚ್ಚಿನಿಂದ ಕತ್ತರಿಸಿ. ಅಂಚು ಬಿರಿದರೆ ಮುದ್ದೆ ಅತಿ ತಣ್ಣಗಿದೆ ಅಥವಾ ತುಪ್ಪ ಕಡಿಮೆಯಾಗಿದೆ ಎಂದರ್ಥ. ತುಪ್ಪ ಸುಮಾರು 35 ಡಿಗ್ರಿಗೆ ಕರಗುವುದರಿಂದ ಸೆಕೆಯ ದಿನ ತುಂಡುಗಳು ಆಕಾರ ಕಳೆದುಕೊಳ್ಳುತ್ತವೆ. ಅವನ್ನು ತಟ್ಟೆ ಸಮೇತ ಇನ್ನೊಮ್ಮೆ 20 ನಿಮಿಷ ತಣಿಸಿಯೇ ಓವನ್ನಿಗೆ ಹಾಕಿ. ಮೇಲೆ ಒಂದೊಂದು ಎಳೆ ಪಿಸ್ತಾ ಇಡಿ.

ಶಾಖ 150 ಡಿಗ್ರಿ ಸೆಲ್ಸಿಯಸ್, ಸಮಯ 20ರಿಂದ 25 ನಿಮಿಷ. ಕಡಲೆಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಹೇರಳ. ಬಿಸಿ ಏರಿದಾಗ ಅದು ಕೆಲವು ಸಕ್ಕರೆಗಳೊಂದಿಗೆ ಬೇಗ ಪ್ರತಿಕ್ರಿಯಿಸಿ ಕಂದು ಬಣ್ಣ ತರುತ್ತದೆ, ಜೊತೆಗೆ ಕಹಿಯನ್ನೂ. ಮೇಲ್ಭಾಗ ತಿಳಿಹಳದಿಯಾಗಿಯೇ ಉಳಿಯಬೇಕು. ತಳದ ಅಂಚು ತುಸು ಕೆಂಪಾದೊಡನೆ ಹೊರತೆಗೆಯಿರಿ, ಮೇಲಿನ ಬಣ್ಣ ನೋಡುತ್ತ ಕೂತರೆ ತಳ ಸೀದಿರುತ್ತದೆ.

ಬಿಸಿಯಿರುವಾಗ ಎತ್ತಲೇಬಾರದು. ಆಗ ತುಪ್ಪ ದ್ರವವಾಗಿರುವುದರಿಂದ ಕಣಗಳಿಗೆ ಯಾವ ಆಸರೆಯೂ ಇಲ್ಲ. ತಟ್ಟೆಯಲ್ಲೇ ಪೂರ್ತಿ ಆರಿದ ಮೇಲೆ, ಗಾಳಿಯಾಡದ ಡಬ್ಬದಲ್ಲಿ ಪದರದ ನಡುವೆ ಕಾಗದ ಹಾಸಿ ಜೋಡಿಸಿ.