ಹೊತ್ತು ಮುಳುಗುವ ತನಕ: ವಿಮೋಚನಕಾಂಡ 17ರ ಟಿಪ್ಪಣಿ

ಓದಬೇಕಾದ ಭಾಗ: ವಿಮೋಚನಕಾಂಡ 17:8-16. ಬರೀ ಒಂಬತ್ತು ವಚನ. ಮೊದಲು ಒಂದು ಸಲ ಜೋರಾಗಿ ಓದಿಕೊಳ್ಳಿ, ಆಮೇಲೆ ಟಿಪ್ಪಣಿಗೆ ಬನ್ನಿ.

"ನಂಬಿಕೆ ಇದ್ದರೆ ಬಲ ಬರುತ್ತದೆ" ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಕಷ್ಟದ ದಿನ ಬಂದಾಗ ಈ ಮಾತೇ ಹೊರೆಯಾಗುತ್ತದೆ. ಬಲ ಬರಲಿಲ್ಲ, ಹಾಗಾದರೆ ನನಗೆ ನಂಬಿಕೆಯೇ ಇಲ್ವೇನೋ ಅನ್ನಿಸುತ್ತದೆ. ಇದನ್ನು ಬಿಡಿಸಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಈ ಭಾಗದ 12ನೇ ವಚನದ ಒಂದು ಪದ. ಅದಕ್ಕಾಗಿಯೇ ಈ ಘಟನೆ ನಡೆದ ರೆಫೀದೀಮಿಗೆ ಬಂದಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ. ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಹೆಚ್ಚು ದಿನ ಆಗಿಲ್ಲ. ಇದೇ ಅಧ್ಯಾಯದ ಮೊದಲಲ್ಲಿ ನೀರಿಗಾಗಿ ಜಗಳ ಆಗಿದೆ, ಬಂಡೆಯಿಂದ ನೀರು ಬಂದಿದೆ. ಅಷ್ಟರಲ್ಲಿ ಅಮಾಲೇಕ್ಯರು ಎಂಬ ಶತ್ರು ಜನಾಂಗ ಮೇಲೆ ಬೀಳುತ್ತದೆ. ಹೇಗೆ ಬಿದ್ದರು ಅನ್ನುವುದು ಧರ್ಮೋಪದೇಶಕಾಂಡ 25:18ರಲ್ಲಿದೆ: ದಣಿದು ಹಿಂದೆ ಉಳಿದವರನ್ನು ಹುಡುಕಿ ಹೊಡೆದರು. ಯೆಹೋಶುವ ಕೆಳಗೆ ಕಾದಾಡಲು ಹೋದ. ಜನರ ನಾಯಕ ಮೋಶೆ ತನ್ನ ಅಣ್ಣ ಆರೋನ ಮತ್ತು ಹೂರ ಎಂಬವನನ್ನು ಕರೆದುಕೊಂಡು ಗುಡ್ಡ ಹತ್ತಿದ. ಕೈ ಎತ್ತಿದ್ದಾಗ ಇಸ್ರಾಯೇಲ್ಯರ ಕೈ ಮೇಲು, ಇಳಿಸಿದಾಗ ಅಮಾಲೇಕ್ಯರದು ಮೇಲು.

ಇಲ್ಲಿ ವಯಸ್ಸನ್ನು ಮರೆಯಬೇಡಿ. ವಿಮೋಚನಕಾಂಡ 7:7ರ ಪ್ರಕಾರ ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಆರೋನನಿಗೆ 83. ಅಂದರೆ ಗುಡ್ಡದ ಮೇಲೆ ಕೈ ಎತ್ತಿ ನಿಂತವನು ಮುದುಕ. ಆ ಕೈ ಹಿಡಿದವರಲ್ಲಿ ಒಬ್ಬ ಅವನಿಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ.

ನಮ್ಮ ಮನೆ ಪ್ರಾರ್ಥನೆಯಲ್ಲಿ ಈ ಭಾಗ ಓದಿದ ದಿನ ನಾವು ಏಳು ಜನ ಎದ್ದು ನಿಂತು ಕೈ ಎತ್ತಿ ನೋಡಿದೆವು. ಎರಡು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಭುಜದ ಹತ್ತಿರ ಸಣ್ಣಗೆ ಉರಿ. ಐದನೇ ನಿಮಿಷಕ್ಕೆ ಬೆರಳು ಜೋಮು ಹಿಡಿದವು, ಮೊಣಕೈ ತಾನಾಗಿಯೇ ಮಡಚಿಕೊಂಡಿತು. ಮನಸ್ಸು ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಕೇಳಲಿಲ್ಲ. ನೀವೂ ಒಮ್ಮೆ ಮಾಡಿ ನೋಡಿ, 12ನೇ ವಚನ ಆಗ ಬೇರೆ ಥರ ಓದಿಸಿಕೊಳ್ಳುತ್ತದೆ.

ಆ ವಚನದಲ್ಲಿ ಮೂರು ಕೆಲಸ ನಡೆಯುತ್ತವೆ. ಮೋಶೆಯ ಕೈ ಭಾರವಾಯಿತು. ಅವರಿಬ್ಬರು ಒಂದು ಕಲ್ಲು ತಂದು ಅವನ ಕೆಳಗಿಟ್ಟರು, ಅವನು ಕೂತ. ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ನಿಂತು ಕೈಗಳಿಗೆ ಆಧಾರ ಕೊಟ್ಟರು. ಹೊತ್ತು ಮುಳುಗುವ ತನಕ ಕೈಗಳು ಇಳಿಯದೆ ನಿಂತವು. ಈ "ಇಳಿಯದೆ ನಿಂತವು" ಅನ್ನುವಲ್ಲಿ ಹೀಬ್ರೂ ಮೂಲದಲ್ಲಿರುವ ಪದ ಎಮೂನಾ. ಹಬಕ್ಕೂಕ 2:4ರಲ್ಲಿ ನೀತಿವಂತನು ತನ್ನ ನಂಬಿಕೆಯಿಂದ ಬದುಕುವನು ಎಂದು ಓದುತ್ತೇವಲ್ಲ, ಅಲ್ಲಿರುವುದೂ ಇದೇ ಪದ. ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಎತ್ತಿಕೊಂಡ ವಚನ ಅದು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲೂ ಇದೆ. ಎಮೂನಾ ಎಂಬ ರೂಪ ಬೈಬಲಿನಲ್ಲಿ ಮೊಟ್ಟಮೊದಲು ಬರುವುದು ರೆಫೀದೀಮಿನ ಈ ಗುಡ್ಡದ ಮೇಲೆ, ಒಬ್ಬ ಮುದುಕನ ಸೋತ ಕೈಗಳ ಬಗ್ಗೆ.

ಈ ಪದದ ಬೇರು ಹಿಡಿದು ಹೋದರೆ ಇನ್ನೂ ಸಿಗುತ್ತದೆ. ನಾವು ದಿನಾ ಹೇಳುವ "ಆಮೆನ್" ಇದೇ ಬೇರಿನದು. ಅರಣ್ಯಕಾಂಡ 11:12ರಲ್ಲಿ ಮೊಲೆಗೂಸನ್ನು ಎದೆಗವಚಿಕೊಂಡು ಹೋಗುವ ಸಾಕುವವನಿಗೆ ಇದೇ ಬೇರಿನ ಪದ. ರೂತಳು 4:16ರಲ್ಲಿ ನೊವೊಮಿ ಮಗುವನ್ನು ಮಡಿಲಲ್ಲಿಟ್ಟು ಸಾಕಿದಳು ಅನ್ನುವಲ್ಲಿಯೂ ಅದೇ. ಗಟ್ಟಿಯಾಗಿ ಹಿಡಿಯುವುದು, ಬೀಳದ ಹಾಗೆ ಹೊರುವುದು, ಅಲ್ಲಾಡದೆ ನಿಲ್ಲುವುದು ಎಲ್ಲ ಒಂದೇ ಕುಟುಂಬ. ಯೆಶಾಯ 7:9 ಇದನ್ನು ಶಬ್ದದಲ್ಲೇ ಆಡಿಸುತ್ತದೆ. ಶತ್ರುಗಳು ಬಂದರು ಎಂದು ಕೇಳಿ ಅರಸನಾದ ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳ ಹಾಗೆ ನಡುಗಿದೆ. ಪ್ರವಾದಿ ಹೇಳುತ್ತಾನೆ: ನಂಬದಿದ್ದರೆ ನೆಲೆಯಾಗಿ ನಿಲ್ಲಲಾರಿರಿ. ಹೀಬ್ರೂವಿನಲ್ಲಿ ನಂಬುವುದಕ್ಕೂ ನೆಲೆ ನಿಲ್ಲುವುದಕ್ಕೂ ಒಂದೇ ಬೇರು: ತಆಮೀನು, ತೇಆಮೇನು.

ನಮ್ಮ ಕನ್ನಡವೂ ಈ ಎಳೆಯನ್ನು ಕಳೆದುಕೊಂಡಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಜಾಸ್ತಿ "ನಂಬಿಕೆ" ಅನ್ನುತ್ತೇವೆ, ಕಥೋಲಿಕರು "ವಿಶ್ವಾಸ" ಅನ್ನುತ್ತಾರೆ. ಇದರ ಜೊತೆಗೆ ಬೈಬಲ್ ಕನ್ನಡದಲ್ಲಿ "ನಂಬಿಗಸ್ತ" ಅನ್ನುವ ಚೆಂದದ ಮಾತಿದೆ. ನಂಬುವವನಲ್ಲ, ನಂಬಬಹುದಾದವನು. ಎಮೂನಾದಲ್ಲಿ ಎರಡೂ ಸೇರಿವೆ. ದೇವರು ನಂಬಿಗಸ್ತ, ಅದಕ್ಕೇ ನಾನು ಆತನಿಗೆ ಒರಗಬಹುದು. ನನ್ನ ನಂಬಿಕೆ ಎಷ್ಟು ಕಿಲೋ ತೂಗುತ್ತದೆ ಅನ್ನುವುದಕ್ಕಿಂತ ನಾನು ಯಾವುದರ ಮೇಲೆ ಕೂತಿದ್ದೇನೆ ಅನ್ನುವುದು ಮುಖ್ಯ.

ಒಂದು ಎಚ್ಚರಿಕೆ. ಮೋಶೆ ಗುಡ್ಡದ ಮೇಲೆ ಪ್ರಾರ್ಥಿಸಿದ ಎಂದು ಈ ವಚನಗಳು ಬಾಯಿಬಿಟ್ಟು ಹೇಳುವುದಿಲ್ಲ. ಹಾಗೆ ಓದುವ ರೂಢಿ ಹಳೆಯದು, ತಪ್ಪೂ ಅಲ್ಲ. ಆದರೆ ವಚನ ತೋರಿಸುವುದು ಎತ್ತಿದ ಕೈ, ಕೋಲು, ಕಲ್ಲು, ಇಬ್ಬರು ಮನುಷ್ಯರು. ಬಾಯಲ್ಲಿ ಮಾತೇ ಬರದ ದಿನಗಳಿಗೆ ಇದು ದೊಡ್ಡ ಸಮಾಧಾನ.

ಅಂಥ ದಿನ ನನಗೂ ಬಂದಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದರು. ಹನ್ನೊಂದನೇ ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ. "ಕರ್ತನೇ" ಅಂದರೆ ಮುಂದೆ ಏನೂ ಇಲ್ಲ. ಯಾರೋ ಒಬ್ಬರು ಫೋನ್ ಮಾಡಿ "ನಂಬಿಕೆ ಗಟ್ಟಿ ಮಾಡ್ಕೋ" ಅಂದರು. ಎಲ್ಲಿಂದ ತರಲಿ? ಆಮೇಲೆ ನಮ್ಮ ಸಭೆಯ ಇಬ್ಬರು ಅಕ್ಕಂದಿರು ಬಂದರು. ಒಬ್ಬರು ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು. ಇನ್ನೊಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, "ನೀನು ಮಲಗು, ಇವತ್ತು ನಿನ್ನ ಪಾಲಿನ ಪ್ರಾರ್ಥನೆ ನಾವು ಮಾಡ್ತೀವಿ" ಅಂದರು. ನಾನು ಆ ಬೆಂಚಿನ ಮೇಲೆ ಬೆಳಗಿನ ತನಕ ನಿದ್ದೆ ಮಾಡಿದೆ. ಆ ರಾತ್ರಿ ನನ್ನಲ್ಲಿ ನಂಬಿಕೆ ಇತ್ತೇ? ಮೋಶೆಯ ಕೈಯಲ್ಲಿದ್ದ ಹಾಗೆ ಇತ್ತು ಅಂತ ಈಗ ಹೇಳುತ್ತೇನೆ. ಮಾರ್ಕ 9:24ರಲ್ಲಿ ಮಗನ ಕಾಯಿಲೆಗೆ ಸೋತ ತಂದೆಯೂ ಹಾಗೇ ಕೂಗುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಯಲ್ಲಿ ಸಹಾಯ ಮಾಡು. ಯೇಸು ಆ ಅರ್ಧ ನಂಬಿಕೆಯನ್ನು ತಳ್ಳಿಬಿಡಲಿಲ್ಲ, ಹುಡುಗನನ್ನು ಕೈಹಿಡಿದು ಎಬ್ಬಿಸಿದನು.

ಹಾಗಾದರೆ ಪಕ್ಕದಲ್ಲಿ ನಿಲ್ಲುವವರೇ ನಮ್ಮ ಬಲವೇ? ಅಲ್ಲ. ಇಲ್ಲಿ ನಿಧಾನವಾಗಿ ಓದಬೇಕು. 15ನೇ ವಚನದಲ್ಲಿ ಮೋಶೆ ಯಜ್ಞವೇದಿ ಕಟ್ಟಿ ಅದಕ್ಕೆ "ಯೆಹೋವ ನಿಸ್ಸಿ" ಎಂದು ಹೆಸರಿಟ್ಟ. ಯೆಹೋವನೇ ನನ್ನ ಧ್ವಜ ಎಂದರ್ಥ. ಆ ಹೆಸರಿನಲ್ಲಿ ಆರೋನನೂ ಇಲ್ಲ, ಹೂರನೂ ಇಲ್ಲ. ಇಡದೆ ಇದ್ದದ್ದು ಒಳ್ಳೆಯದೇ ಆಯಿತು. 32ನೇ ಅಧ್ಯಾಯಕ್ಕೆ ಬನ್ನಿ. ಮೋಶೆ ಸೀನಾಯಿ ಬೆಟ್ಟದಲ್ಲಿ 40 ದಿನ ಇದ್ದಾಗ ಜನ ಗಲಾಟೆ ಮಾಡುತ್ತಾರೆ. ಆರೋನ ಅವರ ಚಿನ್ನದ ಮುರುಗಳನ್ನು ತೆಗೆದುಕೊಂಡು ಪೂಜೆಗೆ ಕರುವಿನ ವಿಗ್ರಹ ಮಾಡಿಕೊಡುತ್ತಾನೆ. ಹೊತ್ತು ಮುಳುಗುವ ತನಕ ತಮ್ಮನ ಕೈ ಹಿಡಿದಿದ್ದ ಅದೇ ಕೈ.

ಮುಂದಿನ ವಾರಕ್ಕೆ ಧರ್ಮೋಪದೇಶಕಾಂಡ 9:20 ಓದಿಕೊಂಡು ಬನ್ನಿ. ಅಲ್ಲಿ ಮುದುಕ ಮೋಶೆ ಆ ದಿನವನ್ನು ನೆನೆಸಿಕೊಂಡು ಹೇಳುತ್ತಾನೆ: ಆರೋನನ ಮೇಲೆ ದೇವರಿಗೆ ಬಹಳ ಕೋಪ ಬಂದಿತ್ತು, ಅವನನ್ನು ನಾಶಮಾಡಬೇಕು ಅನ್ನುವಷ್ಟು. ಆಗ ನಾನು ಆರೋನನಿಗಾಗಿಯೂ ಪ್ರಾರ್ಥಿಸಿದೆ.